ಅಪ್ಪಯ್ಯ ತಂತಿಗೆ ಚುಚ್ಚಿಟ್ಟ ಕಾಗದಗಳನ್ನು ಬಿಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಗದ ರಿಪೇರಿ ಕಲಿತವನಲ್ಲ, ಗಾಡಿ ರಿಪೇರಿ ಕಲಿತವನು. 1968ರಲ್ಲಿ ಸೇನೆಗೆ ಸೇರಿದೆ. ಸಿಕಂದರಾಬಾದಿನ ಇ.ಎಂ.ಇ. (ಸೇನೆಯ ಗಾಡಿ, ಯಂತ್ರ ರಿಪೇರಿ ವಿಭಾಗ) ಸೆಂಟರಿನಲ್ಲಿ ಟ್ರೈನಿಂಗ್ ಮುಗಿಸಿ ವೆಹಿಕಲ್ ಮೆಕ್ಯಾನಿಕ್ ಆದೆ. ಶಕ್ತಿಮಾನ್ ಲಾರಿ, ನಿಸ್ಸಾನ್ ಒನ್ ಟನ್, ಜೋಂಗಾ ಇವನ್ನೆಲ್ಲ ಬಿಚ್ಚಿ ಕಟ್ಟಿದ ಕೈ ಇದು. ಸ್ಪ್ಯಾನರ್ ಹಿಡಿದ ಕೈಗೆ ಟಿಶ್ಯೂ ಕಾಗದ ಹಿಡಿಯುವುದು ಅಷ್ಟು ಸುಲಭ ಅಲ್ಲ. ಹಾಗಾಗಿ ತಪ್ಪೂ ಜಾಸ್ತಿ ಆಗಿದೆ. ಅದನ್ನೂ ಬರೆಯುತ್ತೇನೆ.

ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸಬೇಕು ಅಂತ ಯುಗಾದಿ ಕಳೆದ ಮೇಲೆ ಅಟ್ಟ ಖಾಲಿ ಮಾಡಿದೆವು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಟ್ಟದ ಮೂಲೆಯಲ್ಲಿ ನನ್ನದೇ ಕಪ್ಪು ಟ್ರಂಕು ಸಿಕ್ಕಿತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನನ್ನ ನಂಬರು ಇನ್ನೂ ಓದುವ ಹಾಗಿದೆ. ಒಳಗೆ ಎರಡು ಹಳೇ ಕಂಬಳಿ, ಅದರ ನಡುವೆ ಅಪ್ಪಯ್ಯನ ಕಾಗದದ ತಂತಿ.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಒಂದು ಗಟ್ಟಿ ತಂತಿ. ಕೆಳಗೆ ತಟ್ಟೆಯ ಹಾಗೆ ಒಂದು ಮರದ ಬಿಲ್ಲೆ. ಮೇಲೆ ಕೊಕ್ಕೆ, ಅದರ ತುದಿ ಸೂಜಿಯಷ್ಟು ಚೂಪು. ಮನೆಗೆ ಬಂದ ಕಾಗದ, ಮಂಡಿ ಚೀಟಿ, ಕಂದಾಯದ ರಸೀದಿ, ಮದುವೆ ಕರೆಯೋಲೆ ಎಲ್ಲವನ್ನೂ ಮಡಚಿದ ಹಾಗೇ ಅದಕ್ಕೆ ಚುಚ್ಚುವುದು, ಕೆಳಗೆ ತಳ್ಳುವುದು, ಗೋಡೆಯ ಮೊಳೆಗೆ ನೇತುಹಾಕುವುದು. ಅಷ್ಟೇ ಆಫೀಸು. ನಮ್ಮ ಮನೆಯಲ್ಲಿ ಅದು ಅಡುಗೆಮನೆ ಬಾಗಿಲ ಪಕ್ಕ ಇತ್ತು. ಸೌದೆ ಒಲೆಯ ಹೊಗೆಗೆ ಕಾಗದಗಳ ಅಂಚೆಲ್ಲ ಇಲ್ಲಣ ಹಿಡಿದು ಕಪ್ಪಾಗಿದೆ. ಆ ಹೊಗೆಯೇ ಅವನ್ನು ಗೆದ್ದಲಿನಿಂದ ಕಾಪಾಡಿದ್ದೂ ಇರಬಹುದು ಅಂತ ನನ್ನ ಅಂದಾಜು.

ಎಣಿಸಿದೆ. ಒಟ್ಟು 68 ಕಾಗದ. ಅದರಲ್ಲಿ 26 ನಾನು ಬರೆದದ್ದು. ಹೆಚ್ಚಿನವು 1971ರಲ್ಲಿ ಮತ್ತು 72ರಲ್ಲಿ ಬರೆದವು. ಅವು ಉಳಿದಿವೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಪ್ಪಯ್ಯ ಹೋಗಿ 31 ವರ್ಷ ಆಯಿತು.

ಮೊದಲ ಕೆಲಸ, ಹುಳು. ಅಲ್ಲಲ್ಲಿ ಬೆಳ್ಳಿಹುಳ ಓಡಾಡುತ್ತಿತ್ತು. ಔಷಧಿ ಹೊಡೆಯುವ ಹಾಗಿಲ್ಲ, ನುಸಿಗುಳಿಗೆ ಹಾಕಿದರೆ ವಾಸನೆ ಕಾಗದಕ್ಕೇ ಹತ್ತಿಕೊಳ್ಳುತ್ತದೆ. ಮೊಮ್ಮಗಳು ಹುಡುಕಿ ಹೇಳಿದ ದಾರಿ ಫ್ರೀಜರ್. ತಂತಿ ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಳಿ ಒತ್ತಿ ತೆಗೆದು, ಬಾಯಿ ಟೇಪು ಹಾಕಿ ಮುಚ್ಚಿ, ಎರಡು ವಾರ ಇಟ್ಟೆವು. ನಮ್ಮವಳು ಮೀನಿನ ಡಬ್ಬ ತೆಗೆದು ಜಾಗ ಮಾಡಿಕೊಟ್ಟಳು, ಸುಮ್ಮನೆ ಕೊಡಲಿಲ್ಲ ಅನ್ನಿ. “ಐವತ್ತು ವರ್ಷ ಬಿಸಿ ಒಲೆ ಪಕ್ಕ ಇದ್ದದ್ದಕ್ಕೆ ಈಗ ಚಳಿ ಹಿಡಿಸ್ತೀರಲ್ಲ” ಅಂದಳು. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ಒಂದು ಇಡೀ ದಿನ ಹಾಗೇ ಬಿಡಬೇಕು. ಇಲ್ಲದಿದ್ದರೆ ತಣ್ಣನೆ ಕಾಗದದ ಮೇಲೆ ಗಾಳಿಯ ನೀರು ಕೂತು ಒದ್ದೆ ಆಗುತ್ತದೆ.

ಎರಡನೇ ಕೆಲಸ ತಂತಿಯಿಂದ ಬಿಡಿಸುವುದು. ಇದೇ ನನಗೆ ಇಷ್ಟವಾದ ಭಾಗ, ಯಾಕೆಂದರೆ ಇದು ನನ್ನ ಕಸುಬಿಗೆ ಹತ್ತಿರ. ತುಕ್ಕು ಹಿಡಿದ ನಟ್ಟು ಅಂದರೆ ಕೈ ತಾನಾಗಿ ಸೀಮೆಎಣ್ಣೆ ಹುಡುಕುತ್ತದೆ. ಇಲ್ಲಿ ಎಣ್ಣೆ ತಾಗಿದರೆ ಕಾಗದ ಮುಗಿಯಿತು. ಮೇಲಿನಿಂದ ಎಳೆಯೋಣ ಅಂದರೆ ಕೊಕ್ಕೆಯ ಬಾಗು ದಾಟಬೇಕು, ಪ್ರತಿ ಕಾಗದವೂ ಹರಿಯುತ್ತದೆ. ಅರ್ಧ ದಿನ ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಹೊಳೆಯಿತು: ಕೆಳಗಿನಿಂದ ಬಿಚ್ಚಬೇಕು. ಮರದ ಬಿಲ್ಲೆಯ ಅಡಿಯಲ್ಲಿ ತಂತಿಯನ್ನು ಸುರುಳಿ ಸುತ್ತಿ ಬಗ್ಗಿಸಿದ್ದರು. ನೋಸ್ ಪ್ಲೈಯರಿನಲ್ಲಿ ಅದನ್ನು ನಿಧಾನಕ್ಕೆ ನೆಟ್ಟಗೆ ಮಾಡಿದೆ. ಬಿಲ್ಲೆ ಕಳಚಿತು. ಆಮೇಲೆ ಒಂದೊಂದೇ ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ತಂತಿಯ ಸುತ್ತ ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಗಿಸುವುದು. ತುಕ್ಕಿನ ಹಿಡಿತ ಬಿಟ್ಟಾಗ ಟಿಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಕೆಳಕ್ಕೆ ಜಾರಿಸುವುದು. ಎರಡು ದಿನ ಹಿಡಿಯಿತು. ಮೂರು ಕಾಗದ ಹರಿದವು, ಅದರಲ್ಲಿ ಒಂದು ಕಂದಾಯದ ರಸೀದಿ, ಪರವಾಗಿಲ್ಲ.

ಇದರಿಂದ ಇನ್ನೊಂದು ಲಾಭ. ಕೆಳಗಿನಿಂದ ಬಿಚ್ಚಿದರೆ ಹಳೆಯದು ಮೊದಲು ಬರುತ್ತದೆ. ಬಂದ ಬಂದ ಹಾಗೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲಿ 1ರಿಂದ 68ರವರೆಗೆ ನಂಬರು ಹಾಕಿದೆ. ಎಂಜಿನ್ ಬಿಚ್ಚುವಾಗ ಕಲಿತ ಪಾಠ ಅದು. ತೆಗೆದ ಕ್ರಮದಲ್ಲೇ ಸಾಲಾಗಿ ಇಡು, ಯಾವುದು ಕಸ ಅಂತ ಆಮೇಲೆ ನೋಡೋಣ. ನಿಜ ಹೇಳಬೇಕೆಂದರೆ ಮಂಡಿ ಚೀಟಿಗಳನ್ನು ಎಸೆದುಬಿಡೋಣ ಅಂತಲೇ ಇದ್ದೆ. ನಂಬರು ಹಾಕಿದ್ದರಿಂದ ಉಳಿದವು.

ಇಲ್ಲಣ ತೆಗೆಯಲು ಮೆತ್ತನೆ ಬ್ರಷ್. ಆಮೇಲೆ ಬಿಳಿ ರಬ್ಬರನ್ನು ತುರಿಯುವ ಮಣೆಯಲ್ಲಿ ತುರಿದು, ಆ ಪುಡಿಯನ್ನು ಕಾಗದದ ಮೇಲೆ ಹರಡಿ, ಬೆರಳ ತುದಿಯಲ್ಲಿ ಸುತ್ತ ಸುತ್ತ ಆಡಿಸುವುದು. ಉಜ್ಜಬಾರದು. ಬಿಳಿ ಪುಡಿ ಕಪ್ಪಾಗುತ್ತಾ ಹೋಗುತ್ತದೆ, ಕೆಳಗೆ ಇನ್ಲ್ಯಾಂಡ್ ಲೆಟರಿನ ನೀಲಿ ಕಾಣಿಸುತ್ತಾ ಬರುತ್ತದೆ.

ಈಗ ನನ್ನ ದೊಡ್ಡ ತಪ್ಪು. 14 ಮತ್ತು 15ನೇ ಕಾಗದ ಒಂದಕ್ಕೊಂದು ಅಂಟಿಕೊಂಡಿದ್ದವು. ಇಡ್ಲಿ ಪಾತ್ರೆಯ ಹಬೆ ಹಿಡಿದರೆ ಬಿಡುತ್ತದೆ ಅಂದುಕೊಂಡೆ. ಬಿಟ್ಟಿತು. ಆದರೆ 15 ಶಾಯಿ ಪೆನ್ನಿನಲ್ಲಿ ಬರೆದದ್ದು ಅಂತ ನೋಡಿರಲೇ ಇಲ್ಲ. ಕಣ್ಣೆದುರೇ ನಾಲ್ಕು ಸಾಲು ಕರಗಿ ಮೋಡದ ಹಾಗೆ ಆಯಿತು. ಫೋಟೋ ಕೂಡ ತೆಗೆದಿರಲಿಲ್ಲ. ಆ ನಾಲ್ಕು ಸಾಲಲ್ಲಿ ಏನು ಬರೆದಿದ್ದೆ ಅಂತ ಎರಡು ರಾತ್ರಿ ಯೋಚಿಸಿದೆ, ನೆನಪಾಗಲಿಲ್ಲ. ಬರೆದವನು ನಾನೇ, ಅಲ್ವಾ? ಆದರೂ ಇಲ್ಲ.

ಅಲ್ಲಿಂದ ನಿಯಮ ಮಾಡಿಕೊಂಡೆ. ಮೊದಲು ಎರಡೂ ಬದಿ ಸ್ಕ್ಯಾನ್, 600 ಡಿ.ಪಿ.ಐ., ಕಲರ್. ಆಮೇಲೆ ಶಾಯಿ ಪರೀಕ್ಷೆ. ಹತ್ತಿ ಕಡ್ಡಿಯ ತುದಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಯಾವುದಾದರೂ ಅಕ್ಷರದ ಮೂಲೆಗೆ ಒಂದು ಕ್ಷಣ ಮುಟ್ಟಿಸುವುದು. ಬಣ್ಣ ಬಂದರೆ ಆ ಕಾಗದಕ್ಕೆ ತೇವ ತೋರಿಸಬಾರದು. ಶಾಯಿ ಪೆನ್ನಿನದು ಬರುತ್ತದೆ. ರಿಫಿಲ್ ಪೆನ್ನಿನದು ನೀರಿಗೆ ಜಗ್ಗುವುದಿಲ್ಲ, ಆದರೆ ಸ್ಪಿರಿಟ್ ತಾಗಿದರೆ ಹೋಯಿತು. ಅಪ್ಪಯ್ಯ ಪ್ರತಿ ಕಾಗದದ ಮೂಲೆಗೆ “ಬಂದಿದ್ದು” ಅಂತ ಬರೆದು ತಾರೀಖು ಹಾಕುತ್ತಿದ್ದರು. ಅದು ಕಾಪಿಯಿಂಗ್ ಪೆನ್ಸಿಲ್ಲು. ಒಣಗಿದ್ದಾಗ ಬೂದು ಬಣ್ಣ, ನೀರು ತಾಗಿದ ಕೂಡಲೇ ನೇರಳೆ. ಹಾಗಾಗಿ ಕಾಗದಕ್ಕೆ ತೇವ ಕೊಡುವಾಗಲೂ ಆ ಮೂಲೆಗೆ ಪ್ಲಾಸ್ಟಿಕ್ ತುಂಡು ಮುಚ್ಚಿದೆ.

ಒಂದು ಕಾಗದಕ್ಕೆ ಏನೂ ಮಾಡಲಾಗಲಿಲ್ಲ. ಅದು ತಂತಿಯಲ್ಲಿ ಇದ್ದದ್ದಲ್ಲ. ಎಷ್ಟೋ ವರ್ಷದ ಹಿಂದೆ ನಂಟರೊಬ್ಬರು ಪ್ರೀತಿಯಿಂದ ತೆಗೆದುಕೊಂಡು ಹೋಗಿ ಪೇಟೆಯ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಇಳಿದಿದೆ. ಒಳಗೆ ಕಾಗದ ಹಳದಿಯಾಗಿ ಕೂತಿದೆ. ದಯವಿಟ್ಟು ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪೂ ಬೇಡ.

ಅಂಟಿನ ವಿಷಯ. ಮಾರುವ ಬಿಳಿ ಗಮ್ ಒಮ್ಮೆ ಒಣಗಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಗೋಧಿ ಗಂಜಿಯ ಅಂಟು ಹಾಗಲ್ಲ. ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ತೇವ ಮಾಡಿದರೂ ಬಿಡುತ್ತದೆ. ಆದರೆ ಮೈದಾ ಕಲಸಿ ಕಾಯಿಸಿದರೆ ಸಾಲದು, ಅದರಲ್ಲಿ ಅಂಟಂಟಾದ ಜಿಗುಟು ಇರುತ್ತದೆ, ಅದು ಮುಂದೆ ಗಡುಸಾಗುತ್ತದೆ. ಜಿಗುಟು ತೆಗೆದ ಬರೀ ಗೋಧಿಯ ಪಿಷ್ಟ (ಸ್ಟಾರ್ಚ್) ಬೇಕು. ಎಲ್ಲಿ ಸಿಗುತ್ತದೆ ಅಂತ ನಾನು ಫೋನಿನಲ್ಲಿ ಹುಡುಕುತ್ತಿದ್ದರೆ ನಮ್ಮವಳು ಬಗ್ಗಿ ನೋಡಿದಳು.

“ಇದು ಗೋಧಿ ಹಾಲಲ್ವಾ? ಹಲ್ವಕ್ಕೆ ತೆಗೀತೀವಲ್ಲ, ಅದೇ.”

ಅದೇ. ಗೋಧಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದಳು. ಜಿಗುಟೆಲ್ಲ ಸಿಪ್ಪೆಯ ಜೊತೆ ಬಟ್ಟೆಯಲ್ಲೇ ಉಳಿಯಿತು. ಹಾಲನ್ನು ರಾತ್ರಿ ಬಿಟ್ಟರೆ ಬೆಳಗ್ಗೆ ಮೇಲೆ ಹಳದಿ ನೀರು, ತಳದಲ್ಲಿ ಸುಣ್ಣದಂಥ ಬಿಳಿ ಗಟ್ಟಿ. ನೀರು ಬಸಿದು, ಬಿಸಿಲಿಗೆ ಒಣಗಿಸಿ ಪುಡಿ ಮಾಡಿದೆವು. ಒಂದು ಚಮಚ ಪುಡಿಗೆ ಐದು ಚಮಚ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡದೆ ತಿರುವಬೇಕು. ಬಿಳಿ ಹೋಗಿ ಅರೆಪಾರದರ್ಶಕ ಆಗಿ ಚಮಚಕ್ಕೆ ತೂಗುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಮಜ್ಜಿಗೆ ಹದಕ್ಕೆ ನೀರು ಸೇರಿಸುವುದು. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಆಮೇಲೆ ಹುಳಿ ವಾಸನೆ. ಹಳಬರು ಪುಸ್ತಕದ ಅಂಟಿಗೆ ಹುಳು ಬಾರದಿರಲಿ ಅಂತ ಮೈಲುತುತ್ತು ಹಾಕುತ್ತಿದ್ದರು. ಅಡಿಕೆಗೆ ಹೊಡೆಯಲು ನಮ್ಮ ಮನೆಯಲ್ಲಿ ಅದು ಮೂಟೆಗಟ್ಟಲೆ ಇದೆ. ಆದರೂ ಹಾಕಲಿಲ್ಲ. ತಾಮ್ರ ಸೇರಿದರೆ ಕಾಗದ ಬೇಗ ಹಾಳಾಗುತ್ತದೆ.

ತೇಪೆಗೆ ಜಪಾನಿ ಟಿಶ್ಯೂ ತರಿಸಿದೆವು. ಈರುಳ್ಳಿ ಸಿಪ್ಪೆಗಿಂತ ತೆಳು, ಆದರೆ ನಾರು ಉದ್ದ, ಗಟ್ಟಿ. ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಹರಿಯಬೇಕು. ಆಗ ಅಂಚಿಗೆ ಸಣ್ಣ ಸಣ್ಣ ನಾರು ಬರುತ್ತದೆ, ಅದೇ ಹಿಡಿದುಕೊಳ್ಳುವುದು.

ಇನ್ಲ್ಯಾಂಡನ್ನು ಮೂರು ಮಡಿಕೆ ಮಾಡಿ ಚುಚ್ಚಿದರೆ, ಬಿಡಿಸಿದಾಗ ಮೂರು ತೂತು. 26 ಕಾಗದಕ್ಕೆ ಲೆಕ್ಕ ಹಾಕಿ. ತೂತಿನ ಸುತ್ತ ತುಕ್ಕಿನ ಕೆಂಪು ಉಂಗುರ. ಸಡಿಲ ತುಕ್ಕನ್ನು ಬ್ಲೇಡಿನ ತುದಿಯಲ್ಲಿ ಮೆಲ್ಲಗೆ ಕೆರೆದು, ಬಟಾಣಿಯಷ್ಟು ಟಿಶ್ಯೂ ಹಚ್ಚಿದೆ. ಒಂದು ಸಂಜೆಗೆ ಎರಡು ಕಾಗದ ಮುಗಿಯುತ್ತಿತ್ತು. 31ನೇ ಕಾಗದ ಬಂದಾಗ ಮಾತ್ರ ಎರಡು ಸಂಜೆ ಬೇಕಾಯಿತು. ಅದರಲ್ಲಿ ಮೂರಲ್ಲ, 21 ತೂತು. ಹುಳು ತಿಂದಿದೆ ಅಂದುಕೊಂಡೆ. ಎಲ್ಲವನ್ನೂ ಒಂದೊಂದಾಗಿ ಮುಚ್ಚಿದೆ. ಬೆಳಕಿಗೆ ಹಿಡಿದರೂ ಗೊತ್ತಾಗದ ಹಾಗೆ ಆಗಿತ್ತು. ಮೊಮ್ಮಗಳನ್ನು ಕರೆದು ತೋರಿಸಿದೆ. ಬೀಗಿದೆ ಅಂತಲೇ ಹೇಳಬೇಕು.

ಈ ಮಧ್ಯೆ 36ನೇ ಕಾಗದದ ಕಥೆ.

ಕಾಗದಗಳೆಲ್ಲ ಒಂದೇ ಥರ ಶುರುವಾಗುತ್ತವೆ. “ತೀರ್ಥರೂಪರವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.” ಮೊಮ್ಮಗಳು ಸ್ಕ್ಯಾನ್ ಮಾಡುತ್ತಾ “ಅಜ್ಜಾ, ಈ ಸಾಂಪ್ರತ ಅಂದ್ರೆ ಯಾರು?” ಅಂತ ಕೇಳಿದಳು. ಯಾರೂ ಅಲ್ಲ ಮಗಾ, “ಇಲ್ಲಿ ಎಲ್ಲರೂ ಆರಾಮು, ಈಗ ವಿಷಯಕ್ಕೆ ಬರ್ತೀನಿ” ಅಂತ ಅರ್ಥ ಅಂದೆ. ವಿಷಯ ಮಾತ್ರ ಏನೂ ಇರುತ್ತಿರಲಿಲ್ಲ. ಊರ ಹೆಸರು ಬರೆಯುವಂತಿಲ್ಲ. ವಿಳಾಸ ಅಂದರೆ ಕೇರ್ ಆಫ್ 56 ಎ.ಪಿ.ಒ., ಅಂದರೆ ಸೇನೆಯ ಅಂಚೆ ಕಚೇರಿ, ಅಷ್ಟೇ. ಅಂಚೆ ಮುದ್ರೆಯಲ್ಲೂ ಊರಿನ ಬದಲು ಬರೀ ನಂಬರು. ಕಾಗದವನ್ನು ಅಂಟಿಸದೆ ಕೊಡಬೇಕು, ಓದಿ ನೋಡಿ ಕಳಿಸುತ್ತಿದ್ದರು. ನಾವು ಇದ್ದದ್ದು ಜಮ್ಮು ಕಡೆ, ಶಕರ್‌ಗಢ ಸೆಕ್ಟರಿನಲ್ಲಿ. 1971ರ ಡಿಸೆಂಬರ್ 3ರ ಸಂಜೆ ಪಠಾಣ್‌ಕೋಟ್ ವಿಮಾನ ನಿಲ್ದಾಣದ ಮೇಲೆ ಪಾಕಿಸ್ತಾನದ ಬಾಂಬ್ ಬಿದ್ದು ಯುದ್ಧ ಶುರುವಾಯಿತು. 17ರ ರಾತ್ರಿ 8 ಗಂಟೆಗೆ ಪಶ್ಚಿಮದಲ್ಲಿ ಕದನವಿರಾಮ.

36ನೇದು ಡಿಸೆಂಬರ್ 6ರಂದು ಬರೆದದ್ದು. ಅದರಲ್ಲಿ ಒಂದು ಕಡೆ ಕಪ್ಪು ಮಸಿ ಬಳಿದಿದ್ದಾರೆ. ಸಾಲು ಹೀಗಿದೆ: “ಊಟಕ್ಕೆ ತೊಂದರೆ ಇಲ್ಲ, ರೊಟ್ಟಿ ದಾಲ್ ಬೇಕಾದಷ್ಟು. ಆದರೆ” ಅಂತ ಬರೆದು ಸಾಲಿನ ಕೊನೆಯಲ್ಲಿ ಕಪ್ಪು ಪಟ್ಟಿ. ಮುಂದಿನ ಸಾಲು “ರು ಸಿಗುವುದಿಲ್ಲ” ಅಂತ ಶುರು. ಅಷ್ಟು ದೊಡ್ಡ ಗುಟ್ಟು ಏನು ಬರೆದಿದ್ದೆ ನಾನು?

ರಿಫಿಲ್ ಪೆನ್ನು ಒತ್ತಿ ಬರೆದರೆ ಹಿಂಬದಿಗೆ ಉಬ್ಬು ಬರುತ್ತದೆ. ಇದನ್ನು ಕಾಗದಕ್ಕೆ ತೇವ ಕೊಟ್ಟು ಮಟ್ಟ ಮಾಡುವ ಮೊದಲೇ ನೋಡಬೇಕು, ಒಮ್ಮೆ ಒತ್ತಿಟ್ಟರೆ ಉಬ್ಬು ಹೋಗುತ್ತದೆ. ಕೋಣೆ ಕತ್ತಲು ಮಾಡಿ, ಕಾಗದವನ್ನು ಬೋರಲು ಹಾಕಿ, ಟಾರ್ಚನ್ನು ಮೇಜಿಗೆ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟೆವು. ಗದ್ದೆಯ ಬದುವಿನ ಹಾಗೆ ಗೆರೆಗಳ ನೆರಳು ಎದ್ದಿತು. ಮೊಮ್ಮಗಳು ಫೋಟೋ ತೆಗೆದು ಎಡಬಲ ತಿರುಗಿಸಿದಳು. ಒಂದು “ಸಾ”, ಸೊನ್ನೆ, ಆಮೇಲೆ “ಬಾ”.

ಸಾಂಬಾ. ಮುಂದಿನ ಸಾಲಿನ “ರು” ಸೇರಿಸಿದರೆ ಸಾಂಬಾರು.

ಸಾಂಬಾ ಅನ್ನುವುದು ಜಮ್ಮು ಹತ್ತಿರದ ಊರು, ನಮ್ಮ ಹಿಂದೆಯೇ ಇತ್ತು. ಪದ ಸಾಲಿನ ಕೊನೆಗೆ ತುಂಡಾಗಿದ್ದರಿಂದ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಿದ ಯಾರೋ ಪುಣ್ಯಾತ್ಮರು ಊರಿನ ಹೆಸರು ಬರೆದಿದ್ದಾನೆ ಅಂತ ಮಸಿ ಬಳಿದಿದ್ದಾರೆ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಾ ಇದ್ದಾಗಲೇ ನನಗೆ ಇನ್ನೊಂದು ನೆನಪಾಯಿತು.

72ರಲ್ಲಿ ರಜೆಗೆ ಬಂದಾಗ ಅವ್ವ ಚೊಂಬಿನ ಮೇಲೆ ಚೊಂಬು ನೀರು ತಂದುಕೊಡುತ್ತಿದ್ದಳು. ಊಟಕ್ಕೆ ಮುಂಚೆ, ಆಮೇಲೆ, ಮಲಗುವಾಗ ತಲೆದಸಿಯಲ್ಲಿ. “ಕುಡಿಯೋ, ಅಲ್ಲಿ ಅದೂ ಇರಲಿಲ್ಲ” ಅನ್ನುತ್ತಿದ್ದಳು. ಏನೋ ಹೇಳ್ತಾಳೆ ಅಂತ ಕುಡಿಯುತ್ತಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ಅಪ್ಪಯ್ಯ ಓದಿ ಹೇಳುತ್ತಿದ್ದರು. “ರೊಟ್ಟಿ ದಾಲ್ ಬೇಕಾದಷ್ಟು, ಆದರೆ ಏನೋ -ರು ಸಿಗುವುದಿಲ್ಲ.” ಅವರಿಬ್ಬರೂ ಆ ಕಪ್ಪು ಪಟ್ಟಿಯೊಳಗೆ ನೀರು ಅಂತ ಓದಿಕೊಂಡಿದ್ದರು.

ತೇವ ಕೊಡುವ ಡಬ್ಬದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಎತ್ತರಕ್ಕೆ ಜಾಲರಿ, ಜಾಲರಿ ಮೇಲೆ ಕಾಗದ. ನೀರು ಕಾಗದಕ್ಕೆ ಮುಟ್ಟಬಾರದು, ಹವೆ ಮಾತ್ರ ತಾಗಬೇಕು. ಎರಡು ಗಂಟೆಯಲ್ಲಿ ಕಾಗದ ಮೆತ್ತಗಾಗುತ್ತದೆ, ಮಡಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು, ಮೇಲೆ ಗಾಜು, ಗಾಜಿನ ಮೇಲೆ ಭಾರ, ಎರಡು ದಿನ. ರಾತ್ರಿಯಿಡೀ ಡಬ್ಬದಲ್ಲಿ ಬಿಡಬೇಡಿ. ಮಲೆನಾಡಿನಲ್ಲಿ ಬೂಷ್ಟು ಬರಲು ಒಂದು ರಾತ್ರಿ ಸಾಕು.

ಮೇ ತಿಂಗಳ ಕೊನೆಯಲ್ಲಿ ಎಲ್ಲವನ್ನೂ ನಂಬರಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದೆವು. ಅಪ್ಪಯ್ಯ ಬರೆದ “ಬಂದಿದ್ದು” ತಾರೀಖುಗಳನ್ನು ಮೊಮ್ಮಗಳು ಪಟ್ಟಿ ಮಾಡುತ್ತಿದ್ದಳು. 29 ನಮ್ಮಕ್ಕ ಶಿವಮೊಗ್ಗದಿಂದ ಬರೆದದ್ದು, ಡಿಸೆಂಬರ್ 9. ಅದರಲ್ಲಿ ಮಾಮೂಲಿ ಅಂಚೆ ದರದ ಜೊತೆ 5 ಪೈಸೆಯ ಇನ್ನೊಂದು ಸ್ಟ್ಯಾಂಪು ಇದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಆ ನವೆಂಬರ್ 15ರಿಂದ ಸರ್ಕಾರ ಹಾಕಿದ ತೆರಿಗೆ ಅದು. 30 ಒಂದು ಮನಿ ಆರ್ಡರ್ ರಸೀದಿ, ಡಿಸೆಂಬರ್ 13, ಧರ್ಮಸ್ಥಳಕ್ಕೆ, 11 ರೂಪಾಯಿ. ಇದನ್ನು ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಹರಕೆ ಅಂದರೆ ನಗುತ್ತಿದ್ದ ಮನುಷ್ಯ ನಮ್ಮ ಅಪ್ಪಯ್ಯ.

“ಅಜ್ಜಾ, ಇಲ್ಲಿ ನಂಬರ್ ತಪ್ಪಾಗಿದೆ” ಅಂದಳು ಅವಳು.

31 ನನ್ನ ಕಾಗದ, ಬಂದಿದ್ದು ಡಿಸೆಂಬರ್ 2. 32 ಒಂದು ಮಂಡಿ ಚೀಟಿ, ನವೆಂಬರ್ 30ರದು. ಎರಡೂ 29ಕ್ಕಿಂತ ಕೆಳಗೆ ಇರಬೇಕಿತ್ತು. 33 ನನ್ನದೇ, ಕದನವಿರಾಮದ ಮೇಲೆ 19ರಂದು ಬರೆದದ್ದು, ಬಂದಿದ್ದು 27. ನಂಬರು ಹಾಕುವಾಗ ನಾನು ತಪ್ಪು ಮಾಡಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ.

ಮಂಡಿ ಚೀಟಿಯನ್ನು ತಿರುಗಿಸಿದೆ. ಹಿಂದೆ ಅದೇ ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ ಒಂದು ಪಟ್ಟಿ. ಶನಿ ಇಲ್ಲ. ಸೋಮ ಇಲ್ಲ. ಗುರು ಇಲ್ಲ. ಶನಿ ಇಲ್ಲ. ಹೀಗೇ ಕೆಳಗಿನವರೆಗೆ.

“ಆಳುಗಳ ಹಾಜರಿ ಇರಬೇಕು, ಕೊಯ್ಲಿನ ಟೈಮು” ಅಂದೆ.

“ಆಳಿನ ಹೆಸರೇ ಇಲ್ವಲ್ಲ. ಎಲ್ಲ ದಿನವೂ ಇಲ್ಲ ಅಂತಿದೆ. ಕೊನೇದು ನೋಡಿ, ಶನಿ ರಜ.”

ಅವಳು ಫೋನಿನಲ್ಲಿ 1971ರ ಕ್ಯಾಲೆಂಡರ್ ತೆಗೆದಳು. ಡಿಸೆಂಬರ್ 25 ಶನಿವಾರ. ಕ್ರಿಸ್‌ಮಸ್. ತೋಟದ ಕೆಲಸಕ್ಕೆ ಯಾರೂ ಕ್ರಿಸ್‌ಮಸ್ ರಜ ಕೊಡುತ್ತಿರಲಿಲ್ಲ. ರಜ ಇದ್ದದ್ದು ಪೋಸ್ಟಾಫೀಸಿಗೆ. ಆಗ ನಮ್ಮೂರಿಗೆ ಟಪಾಲು ಬರುತ್ತಿದ್ದದ್ದು ವಾರಕ್ಕೆ ಮೂರು ದಿನ, ಸೋಮವಾರ, ಗುರುವಾರ, ಶನಿವಾರ. ಹಿಂದಕ್ಕೆ ಎಣಿಸಿದೆವು. 23, 20, 18, 16, 13, 11, 9, 6, 4. ಒಂಬತ್ತು “ಇಲ್ಲ”, ಒಂದು “ರಜ”. ಆ ಚೀಟಿಗೆ ಎರಡು ತೂತು. ನವೆಂಬರಿನಲ್ಲಿ ಒಮ್ಮೆ ಚುಚ್ಚಿ, ಬಿಚ್ಚಿ ಬರೆಯಲು ಇಟ್ಟುಕೊಂಡು, 27ಕ್ಕೆ ಕಾಗದ ಬಂದ ದಿನ ಮತ್ತೆ ಚುಚ್ಚಿದ್ದಾರೆ.

ಆಮೇಲೆ 31ನ್ನು ಕೈಗೆತ್ತಿಕೊಂಡೆ. ನಾನು ಮುಚ್ಚಿದ 21 ತೂತು. ಸ್ಕ್ಯಾನ್ ಇತ್ತಲ್ಲ, ಹಳೆಯ ಸ್ಥಿತಿಯನ್ನು ದೊಡ್ಡದು ಮಾಡಿ ನೋಡಿದೆವು. ಹುಳು ತಿಂದರೆ ಅಂಚು ಸವೆದು ಅಡ್ಡಾದಿಡ್ಡಿ ಇರುತ್ತದೆ. ಇವೆಲ್ಲ ದುಂಡು. ಮೂರು ಮಡಿಕೆಯಲ್ಲೂ ಒಂದೇ ಜಾಗಕ್ಕೆ ಕೂಡುತ್ತವೆ. ಮೂರೇಳ್ಲಿ ಇಪ್ಪತ್ತೊಂದು. ಏಳರಲ್ಲಿ ಒಂದಕ್ಕೆ ಮಾತ್ರ ತುಕ್ಕಿನ ಉಂಗುರ. ಉಳಿದ ಆರು ಸಲ ಚುಚ್ಚಿ, ತುಕ್ಕು ಹತ್ತುವ ಮೊದಲೇ ತೆಗೆದಿದ್ದಾರೆ. ಹೊಸ ಕಾಗದ ಬಾರದ ದಿನಗಳಲ್ಲಿ ಇದ್ದ ಹಳೆಯದನ್ನೇ ಇಳಿಸಿ ಓದಿ ಮತ್ತೆ ಹಾಕಿದ್ದು.

ಆ ಕಾಗದದಲ್ಲಿ ಇರುವುದಾದರೂ ಏನು? ಗಬ್ಬದ ಹಸು ಕರು ಹಾಕಿತೋ ಇಲ್ಲವೋ. ಅಪ್ಪೆ ಮಿಡಿ ಉಪ್ಪಿನಕಾಯಿ ಉಳಿದಿದ್ದರೆ ಎತ್ತಿಡಲು ಹೇಳಿ. ಸಂಕ್ರಾಂತಿಗೆ ರಜೆ ಸಿಗಬಹುದು. ಅಷ್ಟೇ. 33ರಲ್ಲಿ ಇನ್ನೂ ಕಡಿಮೆ. “ನಾವು ಹಿಂದೆ ವರ್ಕ್‌ಶಾಪಿನಲ್ಲೇ ಇದ್ದೆವು, ಏನೂ ಗಲಾಟೆ ಇರಲಿಲ್ಲ.” ನೆಲಬಾಂಬಿನ ಹೊಲದಲ್ಲಿ ಸ್ಯಾಪರ್‌ಗಳು (ನೆಲಬಾಂಬು ತೆಗೆಯುವ ಸೈನಿಕರು) ದಾರಿ ಮಾಡಿ ಬಿಳಿ ಪಟ್ಟಿ ಕಟ್ಟಿದ್ದರು. ಅದರ ನಡುವೆ ರಾತ್ರಿ ದೀಪವಿಲ್ಲದೆ ಕೆಟ್ಟ ಗಾಡಿ ಎಳೆದು ತಂದದ್ದನ್ನು ನಾನು ಬರೆಯಲಿಲ್ಲ. ಅವರಿಗೆ ಗಾಬರಿ ಆಗದಿರಲಿ ಅಂತ. ಅಪ್ಪಯ್ಯನೂ ಈ ಚೀಟಿಯ ವಿಷಯ ಎಂದೂ ಎತ್ತಲಿಲ್ಲ. ನಾನು ಬಂದಾಗ ಅಡಿಕೆ ರೇಟಿನ ಬಗ್ಗೆ ಮಾತಾಡಿದರು.

ಮರುದಿನ ಬೆಳಗ್ಗೆ ಕೂತು 31ರ ತೇಪೆಗಳನ್ನು ಬಿಚ್ಚಿದೆ. ಒದ್ದೆ ಬ್ರಷ್‌ನಿಂದ ಒಂದೊಂದು ತೇಪೆಗೂ ಒಂದು ಹನಿ, ಐದು ನಿಮಿಷ ಕಾಯುವುದು, ಚಿಮುಟದಲ್ಲಿ ಮೆಲ್ಲಗೆ ಎತ್ತುವುದು. ಗೋಧಿ ಅಂಟು ಮಾತು ಉಳಿಸಿಕೊಂಡಿತು. 21ರಲ್ಲಿ 19 ಚೊಕ್ಕವಾಗಿ ಬಂದವು. ಎರಡರಲ್ಲಿ ನಾರು ಸ್ವಲ್ಪ ಎದ್ದಿತು, ಹಾಗೇ ಬಿಟ್ಟೆ. ಬೇರೆ ಕಾಗದಗಳ ತಂತಿ ತೂತನ್ನೂ ಇನ್ನು ಮುಚ್ಚಲಿಲ್ಲ. ಮಡಿಕೆಯಲ್ಲಿ ಹರಿದದ್ದಕ್ಕೆ ಮಾತ್ರ ಟಿಶ್ಯೂ. 33ರ ಅಂಚಿನಲ್ಲಿ ಅರಿಶಿನದ ಹೆಬ್ಬೆರಳ ಗುರುತು ಒಂದಿದೆ. ಅದರ ಹತ್ತಿರ ರಬ್ಬರ್ ಪುಡಿ ಕೂಡ ಹೋಗದ ಹಾಗೆ ನೋಡಿಕೊಂಡೆ.

ಜೂನ್ ಮೊದಲ ವಾರ ಮಳೆ ಹಿಡಿಯುವ ಮೊದಲು ಮುಗಿಸಿದೆವು. ಎಲ್ಲ 68, ಮಂಡಿ ಚೀಟಿ ಸಮೇತ, ಅದೇ ಕ್ರಮದಲ್ಲಿ. ಒಂದೊಂದಕ್ಕೂ ಪಾಲಿಯೆಸ್ಟರ್ ಕವರು. ಅಂಗಡಿಯಲ್ಲಿ ಸಿಗುವ ಅಂಟಂಟು ಪಿ.ವಿ.ಸಿ. ಕವರು ಆಗದು, ಅಕ್ಷರವನ್ನೇ ಎಳೆದುಕೊಳ್ಳುತ್ತದೆ. ಕೋರಾ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದೇ ಟ್ರಂಕಿಗೆ. ಟ್ರಂಕು ಈಗ ಅಟ್ಟದಲ್ಲಿಲ್ಲ, ನಾನು ಮಲಗುವ ಕೋಣೆಯ ಬೀರುವಿನ ಮೇಲಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬಿಸಿ ಮಾಡಿ ಒಣಗಿಸಬೇಕು.

ತಂತಿ ಉಳಿಯಿತಲ್ಲ. ಅದಕ್ಕೆ ಕೊನೆಗೂ ಸೀಮೆಎಣ್ಣೆ ಹಾಕುವ ಯೋಗ ಬಂತು. ಎಮರಿ ಕಾಗದದಲ್ಲಿ ತಿಕ್ಕಿ, ಬಿಲ್ಲೆ ಮತ್ತೆ ಕೂರಿಸಿ, ಅಡಿಯಲ್ಲಿ ಸುರುಳಿ ಸುತ್ತಿದೆ. ಒರೆಸಿ ಒಣಗಿಸಿ ಅಡುಗೆಮನೆ ಬಾಗಿಲ ಪಕ್ಕದ ಹಳೇ ಮೊಳೆಗೆ ನೇತುಹಾಕಿದೆ, ಸುಮ್ನೆ ನೋಡಲು. ಸಂಜೆ ಬಂದು ನೋಡಿದರೆ ನಮ್ಮವಳು ಅದಕ್ಕೆ ಆಗಲೇ ಕರೆಂಟ್ ಬಿಲ್ಲು ಚುಚ್ಚಿದ್ದಳು.